ರೆಕ್ಕೆಯ ಮೇಲೊಂದು ತೆಳು ಪದರ



ನೀರು ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಡ್ಡೆ ಕಟ್ಟುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಪರೀಕ್ಷೆಯಲ್ಲಿ ಹಾಗೆಯೇ ಬರೆದು ಅಂಕವನ್ನೂ ಪಡೆದಿದ್ದೇವೆ. ಆದರೆ ಮೋಡದೊಳಗಿನ ನೀರು ನಮ್ಮ ಪಠ್ಯಪುಸ್ತಕ ಓದಿಲ್ಲ. ಸೊನ್ನೆಗಿಂತ ಹತ್ತು, ಇಪ್ಪತ್ತು ಡಿಗ್ರಿ ಕೆಳಗಿಳಿದರೂ ಗಡ್ಡೆಯಾಗದೆ ದ್ರವವಾಗಿಯೇ ತೇಲುತ್ತಿರುವ ಹನಿಗಳು ಅಲ್ಲಿ ಕೋಟಿಗಟ್ಟಲೆ ಇರುತ್ತವೆ. ಇವನ್ನು ಅತಿಶೀತಲ ಹನಿಗಳೆನ್ನುತ್ತಾರೆ. ಇಂಥ ಮೋಡದೊಳಕ್ಕೆ ಒಂದು ವಿಮಾನ ನುಗ್ಗಿದರೆ ಏನಾಗುತ್ತದೆ, ಅದನ್ನು ತಿಳಿಯಲು ಎಂಜಿನಿಯರುಗಳು ಪಟ್ಟ ಪಾಡೇನು, ಇವೇ ಇಂದಿನ ಭಾಷಣದ ವಿಷಯ.

ಗಡ್ಡೆ ಕಟ್ಟುವ ನೀರು ಕಾಡುವುದು ವಿಮಾನವನ್ನು ಮಾತ್ರವಲ್ಲ. ಉತ್ತರದ ಸಮುದ್ರಗಳಲ್ಲಿ ಅಲೆಯ ತುಂತುರು ಹಡಗಿನ ಕಂಬಗಳ ಮೇಲೆ ಗಟ್ಟಿಯಾಗುತ್ತಾ ಹೋಗಿ, ಮೇಲ್ಭಾಗದ ತೂಕ ಹೆಚ್ಚಿ ಹಡಗು ಮಗುಚಿಕೊಂಡದ್ದುಂಟು. ರೈಲಿಗೆ ಕರೆಂಟು ಕೊಡುವ ತಂತಿಗಳು ಗಡ್ಡೆಯ ಭಾರಕ್ಕೆ ಹರಿದು ಬಿದ್ದದ್ದುಂಟು. ಮನಾಲಿಯಿಂದಾಚೆಗೆ ವಾಹನ ಓಡಿಸಿದ ನಮ್ಮವರನ್ನು ಕೇಳಿದರೆ, ಬೆಳಗಿನ ಹೊತ್ತು ಡಾಂಬರಿನ ಮೇಲೆ ಕಣ್ಣಿಗೇ ಕಾಣದಂತೆ ಅಂಟಿಕೊಂಡಿರುವ ಗಾಜಿನಂಥ ಪದರದ ಕಥೆ ಹೇಳುತ್ತಾರೆ. ಆದರೂ ನಾನು ವಿಮಾನವನ್ನೇ ಆರಿಸಿಕೊಂಡಿದ್ದೇನೆ. ಕಾರಣ ಸರಳ. ಹಡಗಿಗೆ ಅಪಾಯವಾಗಬೇಕಾದರೆ ಟನ್ನುಗಟ್ಟಲೆ ಗಡ್ಡೆ ಬೇಕು. ವಿಮಾನಕ್ಕೆ ಒಂದು ಹಾಳೆಯಷ್ಟು ದಪ್ಪ ಸಾಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಭಾಷೆಯಲ್ಲಿ ಇಬ್ಬನಿ ಇದೆ, ಮಂಜು ಇದೆ, ಹಿಮ ಇದೆ, ಆಲಿಕಲ್ಲು ಇದೆ. ಹಾರುವ ಯಂತ್ರದ ಮೈಗೆ ಅಂಟಿಕೊಳ್ಳುವ ಗಡ್ಡೆಗೆ ಮಾತ್ರ ಪದವಿಲ್ಲ. ನಮ್ಮ ಹಿರಿಯರಿಗೆ ಅದರ ಅಗತ್ಯವೂ ಬೀಳಲಿಲ್ಲ. ಆದ್ದರಿಂದ ಆಕಾಶದಿಂದ ಉದುರುವುದನ್ನು ಹಿಮ ಎಂದೂ, ಮೈಗೆ ಅಂಟಿ ಗಟ್ಟಿಯಾದದ್ದನ್ನು ಗಡ್ಡೆ ಎಂದೂ ಇಲ್ಲಿ ಕರೆಯುತ್ತೇನೆ.

ಅತಿಶೀತಲ ನೀರನ್ನು ನೋಡಲು ಮೋಡದವರೆಗೆ ಹೋಗಬೇಕಿಲ್ಲ. ಅಂಗಡಿಯಲ್ಲಿ ಸಿಗುವ ಶುದ್ಧ ನೀರಿನ ಬಾಟಲಿಯನ್ನು ಮುಚ್ಚಳ ತೆಗೆಯದೆ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಎರಡು ಗಂಟೆ ಅಲುಗಾಡಿಸದೆ ಇಡಿ. ಹಲವು ಸಲ ಅದು ಗಡ್ಡೆಯಾಗಿಯೇಬಿಡುತ್ತದೆ. ಕೆಲವು ಸಲ ಮಾತ್ರ ನೀರಾಗಿಯೇ ಉಳಿದಿರುತ್ತದೆ. ಆಗ ಮೆಲ್ಲನೆ ಹೊರಗೆ ತೆಗೆದು ಮೇಜಿನ ಮೇಲೆ ಒಮ್ಮೆ ಕುಟ್ಟಿದರೆ, ಕಣ್ಣೆದುರಿಗೇ ಬಿಳಿಯ ಎಳೆಗಳು ಹಬ್ಬಿ ಇಡೀ ಬಾಟಲಿ ಗಂಜಿಯಂತಾಗುತ್ತದೆ. ಸ್ಟುಡಿಯೋದಲ್ಲಿ ಇದನ್ನು ಮಾಡಿ ತೋರಿಸಲು ನಮಗೆ ಒಂದಿಡೀ ಮಧ್ಯಾಹ್ನ ಮತ್ತು ಹನ್ನೊಂದು ಬಾಟಲಿ ಬೇಕಾದವು. ದೀಪಗಳ ಶಾಖದ ಮುಂದೆ ನೀರಿಗೂ ತಾಳ್ಮೆ ಇರುವುದಿಲ್ಲ.

ಹೀಗೇಕೆ? ಗಡ್ಡೆ ಎಂದರೆ ನೀರಿನ ಅಣುಗಳು ಕ್ರಮವಾಗಿ ಸಾಲುಗಟ್ಟಿ ನಿಲ್ಲುವುದು. ಆ ಸಾಲು ಎಲ್ಲೋ ಒಂದು ಕಡೆ ಶುರುವಾಗಬೇಕು. ಧೂಳಿನ ಕಣವೋ, ಪಾತ್ರೆಯ ಗೋಡೆಯ ಒರಟೋ, ಏನಾದರೊಂದು ಆಸರೆ ಬೇಕು. ಮೋಡದ ಹನಿಯ ಅಡ್ಡಳತೆ ಸಾಮಾನ್ಯವಾಗಿ 20 ಮೈಕ್ರಾನ್ ಆಸುಪಾಸು. ಅಂದರೆ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗ. ಅಷ್ಟು ಚಿಕ್ಕ ಹನಿಯಲ್ಲಿ ತಕ್ಕ ಕಣವೊಂದು ಸಿಗುವುದು ಅಪರೂಪ. ಆಸರೆ ಸಿಗದಿದ್ದರೆ ಹನಿ ಸೊನ್ನೆಗಿಂತ ಸುಮಾರು 38 ಡಿಗ್ರಿ ಕೆಳಗಿನವರೆಗೂ ನೀರಾಗಿಯೇ ಇರಬಲ್ಲದು. ಆಗ ಬರುತ್ತದೆ ವಿಮಾನ. ಅದರ ರೆಕ್ಕೆಯ ಮುಂದಿನ ಅಂಚೇ ಈ ಹನಿಗಳು ಕಾಯುತ್ತಿದ್ದ ಆಸರೆ.

ಇಲ್ಲಿ ಒಂದು ಸ್ವಾರಸ್ಯವಿದೆ. ನೀರು ಗಡ್ಡೆಯಾಗುವಾಗ ಶಾಖವನ್ನು ಹೊರಬಿಡುತ್ತದೆ, ಗ್ರಾಮಿಗೆ 80 ಕ್ಯಾಲೊರಿ. ಗುಪ್ತೋಷ್ಣ ಎಂದು ಓದಿದ್ದು ಇದನ್ನೇ. ಸೊನ್ನೆಗಿಂತ 20 ಡಿಗ್ರಿ ಕೆಳಗಿರುವ ಹನಿ ರೆಕ್ಕೆಗೆ ಬಡಿಯಿತು ಎನ್ನೋಣ. ಅದರ ಕಾಲುಭಾಗ ಗಡ್ಡೆಯಾಗುವಷ್ಟರಲ್ಲಿ ಹೊರಬಿದ್ದ ಶಾಖವೇ ಉಳಿದ ಮುಕ್ಕಾಲು ಭಾಗವನ್ನು ಸೊನ್ನೆ ಡಿಗ್ರಿಗೆ ಏರಿಸಿಬಿಡುತ್ತದೆ. ಆ ಮುಕ್ಕಾಲು ಭಾಗ ಇನ್ನೂ ನೀರೇ. ಬೀಸುವ ಗಾಳಿ ಆ ಶಾಖವನ್ನು ಬೇಗ ಒಯ್ದರೆ ಹನಿ ಬಿದ್ದಲ್ಲೇ ಪೂರ್ತಿ ಗಟ್ಟಿಯಾಗಿ, ಬಿಳಿಯ, ಒರಟಾದ ಗಡ್ಡೆಯಾಗುತ್ತದೆ. ಬೇಗ ಒಯ್ಯದಿದ್ದರೆ ಆ ನೀರು ರೆಕ್ಕೆಯ ಮೇಲೆ ಹಿಂದಕ್ಕೆ ಹರಿದು, ಬೇರೆಲ್ಲೋ ಗಟ್ಟಿಯಾಗುತ್ತದೆ. ಇದು ಪಾರದರ್ಶಕ ಗಡ್ಡೆ, ಗಾಜಿನಂಥದು. ಎಷ್ಟು ಪಾಲು ಬಿದ್ದಲ್ಲೇ ಗಟ್ಟಿಯಾಗುತ್ತದೆ, ಎಷ್ಟು ಪಾಲು ಹರಿಯುತ್ತದೆ ಎಂಬ ಲೆಕ್ಕವನ್ನು 1953ರಲ್ಲಿ ಮೆಸಿಂಜರ್ ಎಂಬ ಎಂಜಿನಿಯರ್ ಸೂತ್ರಕ್ಕಿಳಿಸಿದರು. ಇಂದಿನ ಕಂಪ್ಯೂಟರ್ ಲೆಕ್ಕಾಚಾರಗಳೂ ಆ ತಳಹದಿಯ ಮೇಲೆಯೇ ನಿಂತಿವೆ. ನೀರು ಹಿಂದಕ್ಕೆ ಹರಿಯುತ್ತದೆ ಎಂಬ ಅಂಶವನ್ನು ದಯವಿಟ್ಟು ನೆನಪಿಡಿ. ಮುಂದೆ ಅದು ಬೇಕಾಗುತ್ತದೆ.

ಗಡ್ಡೆ ಕಟ್ಟಿದರೆ ವಿಮಾನ ಭಾರವಾಗಿ ಬೀಳುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಭಾರ ಇಲ್ಲಿ ದೊಡ್ಡ ವಿಷಯವಲ್ಲ. ಆಕಾರವೇ ಎಲ್ಲ. ರೆಕ್ಕೆಯ ಮೇಲೆ ಗಾಳಿ ನುಣುಪಾಗಿ ಮೈಗೆ ಅಂಟಿಕೊಂಡು ಹರಿದರೆ ಮಾತ್ರ ಅದು ವಿಮಾನವನ್ನು ಎತ್ತಿ ಹಿಡಿಯುತ್ತದೆ. ಬಡಗಿಗಳು ಮರ ಉಜ್ಜುವ ಮರಳು ಕಾಗದ ನೋಡಿದ್ದೀರಲ್ಲ? ಅಷ್ಟೇ ಒರಟಾದ ತೆಳು ಪದರ ರೆಕ್ಕೆಯ ಮುಂಭಾಗದಲ್ಲೂ ಮೇಲ್ಮೈಯಲ್ಲೂ ಕೂತರೆ ಎತ್ತುವ ಬಲ ಶೇಕಡಾ 30ರಷ್ಟು ಕುಗ್ಗಬಹುದು, ಹಿಂದಕ್ಕೆ ಎಳೆಯುವ ಬಲ ಶೇಕಡಾ 40ರಷ್ಟು ಹೆಚ್ಚಬಹುದು ಎಂದು ಗಾಳಿ ಸುರಂಗದ ಪ್ರಯೋಗಗಳು ತೋರಿಸಿವೆ. ಪೈಲಟ್ ತನ್ನ ಅನುಭವದಿಂದ ಬಲ್ಲ ವಿಮಾನವೇ ಬೇರೆ, ಆಗ ಅವನ ಕೈಯಲ್ಲಿರುವ ವಿಮಾನವೇ ಬೇರೆ.

ಇದಕ್ಕೆ ಮೊದಲ ಉಪಾಯ ಬಂದದ್ದು 1930ರ ಸುಮಾರಿಗೆ, ರಬ್ಬರ್ ಉದ್ಯಮದಿಂದ. ರೆಕ್ಕೆಯ ಮುಂದಿನ ಅಂಚಿಗೆ ರಬ್ಬರಿನ ಹೊದಿಕೆ ತೊಡಿಸಿ, ಅದರೊಳಗಿನ ಕೊಳವೆಗಳಿಗೆ ಗಾಳಿ ತುಂಬಿ ಉಬ್ಬಿಸುವುದು. ಉಬ್ಬಿದಾಗ ಮೇಲಿನ ಗಡ್ಡೆ ಬಿರುಕು ಬಿಟ್ಟು ಹಾರಿಹೋಗುತ್ತದೆ. ಸಣ್ಣ ವಿಮಾನಗಳಲ್ಲಿ ಈ ವ್ಯವಸ್ಥೆ ಇಂದಿಗೂ ಇದೆ. ಎರಡನೆಯ ಉಪಾಯ ಬಿಸಿಗಾಳಿ. ಅಮೆರಿಕದ ವೈಮಾನಿಕ ಸಲಹಾ ಸಮಿತಿಯ ಲೂಯಿಸ್ ರೋಡರ್ಟ್ ಎಂಬ ಸಂಶೋಧಕ, ಎಂಜಿನ್ ಹೊರಗೆ ಚೆಲ್ಲುವ ಶಾಖದಿಂದ ಗಾಳಿಯನ್ನು ಕಾಯಿಸಿ ರೆಕ್ಕೆಯ ಒಳಗೆ ಹಾಯಿಸಿದರು. ಪ್ರಯೋಗಾಲಯದಲ್ಲಿ ಕೂತು ಮಾಡಿದ ಕೆಲಸವಲ್ಲ ಅದು. ಎಲ್ಲರೂ ತಪ್ಪಿಸಿಕೊಂಡು ಹಾರುವ ಮೋಡಗಳನ್ನೇ ಹುಡುಕಿಕೊಂಡು ಅವರ ತಂಡ ಹಾರಿತು. ಈ ಸಾಧನೆಗಾಗಿ ಅವರಿಗೆ 1946ರ ಕಾಲಿಯರ್ ಪಾರಿತೋಷಕ ದೊರೆಯಿತು.

ರೋಡರ್ಟ್ ಪ್ರಯೋಗಕ್ಕೆ ಬಳಸಿದ ವಿಮಾನಗಳಲ್ಲೊಂದು ಸಿ-46 ಎಂಬ ಸಾಮಾನು ಸಾಗಿಸುವ ವಿಮಾನ. ಅದರ ಅಗತ್ಯ ಆಗ ಎಲ್ಲಕ್ಕಿಂತ ಹೆಚ್ಚಾಗಿದ್ದದ್ದು ನಮ್ಮ ನೆಲದ ಮೇಲೆಯೇ. ಬರ್ಮಾದ ರಸ್ತೆ ಜಪಾನಿನ ಕೈಸೇರಿದ ಮೇಲೆ, 1942ರಿಂದ 1945ರವರೆಗೆ, ಅಸ್ಸಾಮಿನ ನೆಲೆಗಳಿಂದ ಚೀನಾದ ಕುನ್ಮಿಂಗ್‌ಗೆ ಬೆಟ್ಟಸಾಲುಗಳ ಮೇಲಿಂದಲೇ ಎಲ್ಲವನ್ನೂ ಒಯ್ಯಬೇಕಾಯಿತು. ಪೈಲಟ್‌ಗಳು ಆ ದಾರಿಯನ್ನು ಹಂಪ್ ಎಂದರು, ಅಂದರೆ ಡುಬ್ಬ. ಸುಮಾರು ಆರೂವರೆ ಲಕ್ಷ ಟನ್ ಸಾಮಗ್ರಿ ಆ ಡುಬ್ಬವನ್ನು ದಾಟಿತು. ಐನೂರಕ್ಕೂ ಹೆಚ್ಚು ವಿಮಾನಗಳು ನಷ್ಟವಾದವು. ಬಿರುಗಾಳಿ, ನಕ್ಷೆಯಲ್ಲಿಲ್ಲದ ಶಿಖರ, ಅನುಭವವಿಲ್ಲದ ಹುಡುಗರು ಹೀಗೆ ಕಾರಣಗಳು ಹಲವು. ರೆಕ್ಕೆಯ ಮೇಲೆ, ಕಾರ್ಬುರೇಟರಿನ ಒಳಗೆ ಕಟ್ಟುತ್ತಿದ್ದ ಗಡ್ಡೆಯೂ ಅವುಗಳಲ್ಲೊಂದು. ಬೆಂಗಳೂರಿನವರಿಗೆ ಇಲ್ಲೊಂದು ನಂಟಿದೆ. ನಮ್ಮ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದ ವಾಯುಸೇನೆಯ 84ನೇ ವಿಮಾನ ಡಿಪೋ ಆಯಿತು. ಭಾರತ-ಬರ್ಮಾ ರಂಗದಲ್ಲಿ ಹಾರುತ್ತಿದ್ದ ಎಲ್ಲ ಬಗೆಯ ವಿಮಾನಗಳೂ ದುರಸ್ತಿಗೆ ಇಲ್ಲಿಗೆ ಬಂದವು.

ಆಕಾಶದ ಮೋಡವನ್ನು ಬೇಕೆಂದಾಗ ಕರೆಸಿಕೊಳ್ಳಲು ಬರುವುದಿಲ್ಲ. ಅದಕ್ಕೆ ಮೋಡವನ್ನೇ ಕಟ್ಟಡದೊಳಗೆ ತಯಾರಿಸಿದರು. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ 1944ರ ಜೂನ್‌ನಲ್ಲಿ ಗಡ್ಡೆ ಸಂಶೋಧನೆಯ ಗಾಳಿ ಸುರಂಗವೊಂದು ಕೆಲಸ ಶುರುಮಾಡಿತು. ಆರು ಅಡಿ ಎತ್ತರ, ಒಂಬತ್ತು ಅಡಿ ಅಗಲದ ಕೋಣೆ. ಅದರೊಳಗೆ ಶೀತಲ ಗಾಳಿಯನ್ನು ರಭಸದಿಂದ ಬೀಸಿ, ನೀರನ್ನು ಸಿಂಪಡಿಸಿ, ನಡುವೆ ರೆಕ್ಕೆಯ ತುಂಡನ್ನಿಟ್ಟು ನೋಡುವುದು. ಗಾಳಿ ತಣ್ಣಗಾಗಿಸುವುದು ಸುಲಭವಾಯಿತು, ಹನಿ ಮಾಡುವುದೇ ಕಷ್ಟವಾಯಿತು. ಸಿಂಪಡಿಸುವ ಮೂತಿಗಳಿಂದ ಬಂದ ಹನಿಗಳು ಮೋಡದ ಹನಿಗಳಿಗಿಂತ ತೀರ ದೊಡ್ಡವು. ಅವನ್ನು ಚಿಕ್ಕದಾಗಿಸಲು ವರ್ಷಗಳೇ ಹಿಡಿದವು. ದೊಡ್ಡ ಹನಿಯನ್ನು ಆಗ ಯಂತ್ರದ ದೋಷವೆಂದು ಬಗೆದರು. ಐವತ್ತು ವರ್ಷ ಕಳೆದ ಮೇಲೆ ಅದೇ ದೊಡ್ಡ ಹನಿಯನ್ನು ಹುಡುಕಿಕೊಂಡು ಹೋಗಬೇಕಾಯಿತು.

ಹೀಗಾದದ್ದು ಏಕೆ ಎಂದು ತಿಳಿಯಲು ಕಾನೂನಿನ ಒಂದು ಕೋಷ್ಟಕವನ್ನು ನೋಡಬೇಕು. ಯಾವುದೇ ವಿಮಾನ ಮಾದರಿಗೆ ಗಡ್ಡೆ ಕಟ್ಟುವ ಹವೆಯಲ್ಲಿ ಹಾರುವ ಅನುಮತಿ ಸಿಗಬೇಕಾದರೆ, ಇಂತಿಂಥ ಮೋಡಗಳಲ್ಲಿ ಅದು ಸುರಕ್ಷಿತ ಎಂದು ತೋರಿಸಬೇಕು. ಯಾವ ಮೋಡ? 1940ರ ದಶಕದಲ್ಲಿ ಸಂಶೋಧಕರು ವಿಮಾನದಿಂದ ಬೇರೆ ಬೇರೆ ದಪ್ಪದ ಲೋಹದ ಉರುಳೆಗಳನ್ನು ಹೊರಕ್ಕೆ ಚಾಚಿ, ತಿರುಗಿಸುತ್ತಾ ಮೋಡದೊಳಗೆ ಹಾರುತ್ತಿದ್ದರು. ಚಿಕ್ಕ ಹನಿಗಳು ಗಾಳಿಯ ಜೊತೆ ದಪ್ಪ ಉರುಳೆಯನ್ನು ಬಳಸಿಕೊಂಡು ಹೋಗಿಬಿಡುತ್ತವೆ. ದೊಡ್ಡ ಹನಿಗಳು ಹಾಗೆ ಬಳಸಲಾರದೆ ನೇರ ಬಡಿಯುತ್ತವೆ. ಯಾವ ಉರುಳೆಯ ಮೇಲೆ ಎಷ್ಟು ತೂಕದ ಗಡ್ಡೆ ಎಂದು ತೂಗಿ ನೋಡಿ ಹನಿಯ ಗಾತ್ರವನ್ನು ಲೆಕ್ಕಹಾಕುತ್ತಿದ್ದರು. ಜಾಣ ಉಪಾಯ. ಈ ಅಳತೆಗಳಿಂದ ಹುಟ್ಟಿದ ಕೋಷ್ಟಕ ಅಮೆರಿಕದ ವೈಮಾನಿಕ ನಿಯಮಗಳ ಅನುಬಂಧ ಸಿ ಎಂದು ಸೇರಿತು, ಜಗತ್ತಿನ ಇತರ ದೇಶಗಳೂ ಒಪ್ಪಿಕೊಂಡವು. ಅದರಲ್ಲಿ ಹನಿಗಳ ಮಧ್ಯಮ ಗಾತ್ರ ಹೆಚ್ಚೆಂದರೆ 50 ಮೈಕ್ರಾನ್. ಅದಕ್ಕಿಂತ ದೊಡ್ಡ ಹನಿಯ ಬಗ್ಗೆ ಕೋಷ್ಟಕ ಮೌನವಾಗಿತ್ತು.

ಅಷ್ಟರಲ್ಲಿ ಜೆಟ್ ವಿಮಾನಗಳ ಕಾಲ ಬಂತು. ಎಂಜಿನ್‌ನಲ್ಲಿ ಬಿಸಿಗಾಳಿ ಬೇಕಾದಷ್ಟು, ಮೋಡಗಳನ್ನು ಸೀಳಿಕೊಂಡು ನಿಮಿಷಗಳಲ್ಲಿ ಮೇಲೇರುವ ಶಕ್ತಿಯೂ ಇದೆ. ಸಮಸ್ಯೆ ಮುಗಿಯಿತೆಂದು ಭಾವಿಸಿ 1950ರ ದಶಕದ ಕೊನೆಗೆ ಸಂಶೋಧನೆಯನ್ನೇ ಹೆಚ್ಚುಕಡಿಮೆ ನಿಲ್ಲಿಸಿದರು. ಅದು ಮತ್ತೆ ಚುರುಕಾದದ್ದು 1978ರ ನಂತರ. ನನ್ನ ಅಭಿಪ್ರಾಯದಲ್ಲಿ ಈ ಇಪ್ಪತ್ತು ವರ್ಷಗಳ ವಿರಾಮ ದುಬಾರಿಯಾಯಿತು.

ಹಾಗೆ ನೋಡಿದರೆ, ಜೆಟ್ ಯುಗದ ಗಡ್ಡೆಯ ದುರಂತಗಳಲ್ಲಿ ಹೆಸರುವಾಸಿಯಾದವು ಮೋಡದಲ್ಲಿ ನಡೆದವಲ್ಲ, ನೆಲದಿಂದ ಏಳುವಾಗ ನಡೆದವು. 1982ರ ಜನವರಿ 13ರಂದು ವಾಷಿಂಗ್ಟನ್‌ನಲ್ಲಿ ಹಿಮ ಸುರಿಯುತ್ತಿತ್ತು. ಏರ್ ಫ್ಲೋರಿಡಾದ ಬೋಯಿಂಗ್ 737 ವಿಮಾನಕ್ಕೆ ಗಡ್ಡೆ ಕರಗಿಸುವ ದ್ರವ ಸಿಂಪಡಿಸಿದ ಮೇಲೆ ಹಾರಲು ಸರದಿ ಬರುವಷ್ಟರಲ್ಲಿ ಮುಕ್ಕಾಲು ಗಂಟೆಯೇ ದಾಟಿತು. ರೆಕ್ಕೆಯ ಮೇಲೆ ಮತ್ತೆ ಹಿಮ ಕೂತಿತ್ತು. ಎಂಜಿನ್‌ನ ಗಡ್ಡೆ ನಿವಾರಕ ವ್ಯವಸ್ಥೆಯನ್ನು ಚಾಲೂ ಮಾಡಿರಲಿಲ್ಲ. ಎಂಜಿನ್ ಎಷ್ಟು ಬಲ ಕೊಡುತ್ತಿದೆ ಎಂದು ತೋರಿಸುವ ಮಾಪಕವು ಮುಂದಿನ ಮತ್ತು ಹಿಂದಿನ ಗಾಳಿಯ ಒತ್ತಡಗಳನ್ನು ಹೋಲಿಸಿ ಹೇಳುತ್ತದೆ. ಮುಂದಿನ ರಂಧ್ರ ಗಡ್ಡೆಯಿಂದ ಮುಚ್ಚಿತ್ತು. ಹೀಗಾಗಿ ಬಲ ಸಾಲದಿದ್ದರೂ ಮಾಪಕ ಸರಿಯಾದ ಸಂಖ್ಯೆಯನ್ನೇ ತೋರಿಸಿತು. ಏನೋ ಸರಿಯಿಲ್ಲವೆಂದು ಸಹ ಪೈಲಟ್ ಓಟದ ನಡುವೆಯೇ ಹೇಳಿದರು, ಕ್ಯಾಪ್ಟನ್ ನಿಲ್ಲಿಸಲಿಲ್ಲ. ವಿಮಾನ ಎದ್ದು, ಮೇಲೇರಲಾಗದೆ ಪೊಟೊಮ್ಯಾಕ್ ನದಿಯ ಸೇತುವೆಗೆ ಬಡಿದು ಹೆಪ್ಪುಗಟ್ಟಿದ್ದ ನದಿಗೆ ಬಿತ್ತು. ಸೇತುವೆಯ ಮೇಲಿದ್ದ ನಾಲ್ವರೂ ಸೇರಿ 78 ಜನ ಸತ್ತರು. ಬದುಕಿ ಉಳಿದವರು ಐವರು.

1989ರ ಮಾರ್ಚ್ 10ರಂದು ಕೆನಡಾದ ಡ್ರೈಡನ್ ಎಂಬ ಊರಿನಲ್ಲಿ ನಡೆದದ್ದು ನನ್ನನ್ನು ಇನ್ನಷ್ಟು ಕಾಡುತ್ತದೆ. ಆ ಫೋಕರ್ ವಿಮಾನದಲ್ಲಿ ಎಂಜಿನ್ ಚಾಲೂ ಮಾಡಲು ನೆರವಾಗುವ ಒಂದು ಪುಟ್ಟ ಸಹಾಯಕ ಯಂತ್ರ ಕೆಟ್ಟಿತ್ತು. ಡ್ರೈಡನ್‌ನಲ್ಲಿ ಅದಕ್ಕೆ ಬದಲಿ ಸಲಕರಣೆ ಇರಲಿಲ್ಲ. ಅಂದರೆ ಎಂಜಿನ್ ಆರಿಸಿದರೆ ಮತ್ತೆ ಹೊತ್ತಿಸುವಂತಿಲ್ಲ. ಎಂಜಿನ್ ಓಡುತ್ತಿರುವಾಗ ಆ ವಿಮಾನಕ್ಕೆ ದ್ರವ ಸಿಂಪಡಿಸುವಂತಿರಲಿಲ್ಲ. ಹೊರಗೆ ಹಿಮ ಬೀಳುತ್ತಿದೆ. ಸಿಂಪಡಿಸದೆಯೇ ಹೊರಟರು. ಮರಗಳ ತುದಿ ಸವರಿಕೊಂಡು ಕಾಡಿನಲ್ಲಿ ಬಿದ್ದ ವಿಮಾನದಲ್ಲಿ 69 ಜನರ ಪೈಕಿ 24 ಮಂದಿ ಸತ್ತರು. ಪ್ರಯಾಣಿಕರಾಗಿ ಕೂತಿದ್ದ ಇಬ್ಬರು ಪೈಲಟ್‌ಗಳು ಕಿಟಕಿಯಿಂದ ರೆಕ್ಕೆಯ ಮೇಲಿನ ಹಿಮವನ್ನು ಕಂಡಿದ್ದರು. ಗಗನಸಖಿಯೂ ಕಂಡಿದ್ದಳು. ಕ್ಯಾಪ್ಟನ್‌ಗೆ ಗೊತ್ತಿರುತ್ತದೆ, ನಾವೇಕೆ ಹೇಳುವುದು ಎಂದು ಸುಮ್ಮನಿದ್ದರು. ನ್ಯಾಯಮೂರ್ತಿ ಮೊಶಾನ್ಸ್ಕಿಯವರ ತನಿಖಾ ಆಯೋಗ 1992ರಲ್ಲಿ ಕೊಟ್ಟ ವರದಿ ಪೈಲಟ್ ಒಬ್ಬನ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಳ್ಳಲಿಲ್ಲ. ಕೆಟ್ಟ ಯಂತ್ರದೊಂದಿಗೆ ವಿಮಾನವನ್ನು ಅಲ್ಲಿಗೆ ಕಳಿಸಿದ ಇಡೀ ವ್ಯವಸ್ಥೆಯನ್ನೇ ಅದು ಪರಿಶೀಲಿಸಿತು. ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ಓದಲೇಬೇಕಾದ ವರದಿ ಅದು.

ಮೂರನೆಯದು ಸುಖಾಂತ. 1991ರ ಡಿಸೆಂಬರ್ 27, ಸ್ವೀಡನ್ನಿನ ಸ್ಟಾಕ್‌ಹೋಮ್. ರಾತ್ರಿಯೆಲ್ಲ ನಿಂತಿದ್ದ ವಿಮಾನದ ರೆಕ್ಕೆಯೊಳಗಿನ ಇಂಧನ ವಿಪರೀತ ತಣ್ಣಗಿತ್ತು. ಅದರ ತಂಪಿಗೆ ರೆಕ್ಕೆಯ ಮೇಲೆ ಪಾರದರ್ಶಕ ಗಡ್ಡೆ ಕಟ್ಟಿತು. ದ್ರವ ಸಿಂಪಡಿಸಿದರೂ ಅದು ಹೋಗಿರಲಿಲ್ಲ. ಏರುವಾಗ ರೆಕ್ಕೆ ಬಾಗಿದಂತೆ ಗಡ್ಡೆ ಕಿತ್ತುಬಂದು, ಹಿಂಬದಿಯಲ್ಲಿದ್ದ ಎರಡೂ ಎಂಜಿನ್‌ಗಳೊಳಗೆ ಹೋಗಿ ಎರಡೂ ನಿಂತವು. ಹೊಲವೊಂದರಲ್ಲಿ ಬಿದ್ದು ಮೂರು ತುಂಡಾದ ವಿಮಾನದಿಂದ 129 ಜನರೂ ಜೀವಂತ ಹೊರಬಂದರು. ದೂರದರ್ಶನದಲ್ಲಿ ಕೆಲಸ ಮಾಡುವ ನನಗೆ ಈ ಪ್ರಕರಣ ಒಂದು ಕಿರಿಕಿರಿ. ಹಿಮ ಸುರಿಯುವ ದೃಶ್ಯ ಪರದೆಯ ಮೇಲೆ ಬಲು ಚೆಂದ. ಕೊಲ್ಲುವ ಗಡ್ಡೆಯನ್ನು ಮಾತ್ರ ಯಾವ ಕ್ಯಾಮೆರಾವೂ ಹಿಡಿಯಲಾರದು. ಮಸೂರದ ಮುಂದೆ ಅದು ಒದ್ದೆಯಾದ ಲೋಹ, ಅಷ್ಟೆ. ಆದ್ದರಿಂದಲೇ ಇಂಥ ಹವೆಯಲ್ಲಿ ರೆಕ್ಕೆಯನ್ನು ಕೈಯಿಂದ ಮುಟ್ಟಿ ನೋಡುವ ಪದ್ಧತಿ ಇದೆ.

ಅಮೆರಿಕದಲ್ಲೋ ಕೆನಡಾದಲ್ಲೋ ಮಕ್ಕಳಿರುವ ವೀಕ್ಷಕರು ನಮ್ಮಲ್ಲಿ ಕಡಿಮೆಯೇನಲ್ಲ. ಡಿಸೆಂಬರ್‌ನಲ್ಲಿ ಅಲ್ಲಿಗೆ ಹೋಗಿ ಬರುವವರು, ವಿಮಾನ ಹೊರಡುವ ಮುನ್ನ ಲಾರಿಯ ಮೇಲಿನ ಉದ್ದ ತೋಳಿನಿಂದ ರೆಕ್ಕೆಗೆ ಬಣ್ಣದ ನೀರು ಹೊಡೆಯುವುದನ್ನು ನೋಡಿರುತ್ತೀರಿ. ಮೊದಲು ಹೊಡೆಯುವುದು ಸಾಮಾನ್ಯವಾಗಿ ಕಿತ್ತಳೆ ಬಣ್ಣದ್ದು. ಗ್ಲೈಕಾಲ್ ಬೆರೆಸಿದ ಬಿಸಿನೀರು, ಇರುವ ಗಡ್ಡೆಯನ್ನು ಕರಗಿಸುತ್ತದೆ. ಆಮೇಲಿನದು ಹಸಿರು ಬಣ್ಣದ್ದು, ಮಂದವಾದದ್ದು, ಹೊಸದಾಗಿ ಗಡ್ಡೆ ಕಟ್ಟದಂತೆ ತಡೆಯುತ್ತದೆ. ಈ ಎರಡನೆಯದರ ಗುಣ ಗೋಡೆಗೆ ಬಳಿಯುವ ಬಣ್ಣದಂಥದು. ಬಣ್ಣ ಗೋಡೆಯ ಮೇಲೆ ಸೋರದೆ ನಿಲ್ಲುತ್ತದೆ, ಕುಂಚ ಎಳೆದರೆ ಮಾತ್ರ ತೆಳುವಾಗಿ ಜಾರುತ್ತದೆ. ಹಾಗೆಯೇ ಈ ದ್ರವ ನಿಂತ ವಿಮಾನದ ಮೇಲೆ ಅಂಟಿಕೊಂಡಿದ್ದು, ರನ್‌ವೇಯಲ್ಲಿ ಓಡುವಾಗ ಗಾಳಿಯ ಹೊಡೆತಕ್ಕೆ ತೆಳುವಾಗಿ ಹರಿದುಹೋಗುತ್ತದೆ. ಯಾವ ಹವೆಯಲ್ಲಿ ಇದು ಎಷ್ಟು ನಿಮಿಷ ಕಾಯುತ್ತದೆ ಎಂಬುದಕ್ಕೆ ಕೋಷ್ಟಕಗಳಿವೆ. ಆ ಅವಧಿ ಮೀರಿದರೆ ಮತ್ತೆ ಪರೀಕ್ಷಿಸಬೇಕು, ಬೇಕಾದರೆ ಮರಳಿ ಬಂದು ಇನ್ನೊಮ್ಮೆ ಹೊಡೆಸಿಕೊಳ್ಳಬೇಕು. ತಡವಾಯಿತೆಂದು ಪ್ರಯಾಣಿಕರು ಗೊಣಗುತ್ತಾರೆ. ಗೊಣಗಲಿ.

ಈಗ ದೊಡ್ಡ ಹನಿಯ ಕಥೆಗೆ ಬರೋಣ. 1994ರ ಅಕ್ಟೋಬರ್ 31. ಇಂಡಿಯಾನಾಪೊಲಿಸ್‌ನಿಂದ ಷಿಕಾಗೋಗೆ ಹೊರಟ ಎಟಿಆರ್-72 ವಿಮಾನ. ಷಿಕಾಗೋದಲ್ಲಿ ದಟ್ಟಣೆ ಇದ್ದುದರಿಂದ ರೋಸ್‌ಲಾನ್ ಎಂಬ ಹಳ್ಳಿಯ ಬಳಿ, ಸುಮಾರು ಹತ್ತು ಸಾವಿರ ಅಡಿ ಎತ್ತರದಲ್ಲಿ, ಅರ್ಧ ಗಂಟೆಗೂ ಹೆಚ್ಚು ಕಾಲ ಸುತ್ತು ಹೊಡೆಯುತ್ತಿತ್ತು. ರೆಕ್ಕೆಯ ಅಂಚಿನ ರಬ್ಬರ್ ಹೊದಿಕೆ ಉಬ್ಬಿ ಇಳಿದು ತನ್ನ ಕೆಲಸ ಮಾಡುತ್ತಲೇ ಇತ್ತು. ಆದರೆ ಆ ಮೋಡದಲ್ಲಿದ್ದವು 20 ಮೈಕ್ರಾನ್‌ನ ಹನಿಗಳು ಮಾತ್ರವಲ್ಲ, 100 ಮೈಕ್ರಾನ್‌ಗೂ ಮೀರಿದ, ಜಿಟಿಜಿಟಿ ಮಳೆಯ ಗಾತ್ರದ ಅತಿಶೀತಲ ಹನಿಗಳು. ಅವು ರಬ್ಬರ್ ಹೊದಿಕೆಯ ಹಿಂದೆ ಬಡಿದವು, ಬಡಿದ ನೀರು ಇನ್ನೂ ಹಿಂದಕ್ಕೆ ಹರಿಯಿತು. ಯಾವ ರಕ್ಷಣೆಯೂ ಇಲ್ಲದ ಜಾಗದಲ್ಲಿ ರೆಕ್ಕೆಯ ಉದ್ದಕ್ಕೂ ಬದುವಿನಂತೆ ಗಡ್ಡೆ ಎದ್ದಿತು. ಆ ಬದುವಿನ ಹಿಂದೆ ಗಾಳಿ ಕದಡಿಹೋಯಿತು. ಕೆಳಗಿಳಿಯುವಾಗ ಫ್ಲ್ಯಾಪ್‌ಗಳನ್ನು ಒಳಗೆ ಎಳೆದುಕೊಂಡರು, ಮೂಗು ಮೇಲೆದ್ದಿತು. ಆ ಕ್ಷಣದಲ್ಲಿ, ವಿಮಾನವನ್ನು ಎಡಕ್ಕೆ ಬಲಕ್ಕೆ ವಾಲಿಸುವ ಐಲೆರಾನ್ ಎಂಬ ಹಲಗೆಯನ್ನು ಕದಡಿದ ಗಾಳಿಯೇ ಸೆಳೆದುಕೊಂಡಿತು. ಸ್ವಯಂಚಾಲಕ ಯಂತ್ರ ಕೈಬಿಟ್ಟಿತು, ವಿಮಾನ ಉರುಳಿತು. ಪೈಲಟ್‌ಗಳಿಗೆ ಅದನ್ನು ಹತೋಟಿಗೆ ತರಲಾಗಲಿಲ್ಲ. ಸೋಯಾ ಹೊಲವೊಂದಕ್ಕೆ ಬಂದು ಬಿದ್ದ ಆ ವಿಮಾನದಲ್ಲಿದ್ದ 68 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಇದು ಪತ್ತೆಯಾದದ್ದು ಹೇಗೆ? ಕೆಲವೇ ವಾರಗಳಲ್ಲಿ ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್ ವಾಯುನೆಲೆಯಲ್ಲಿ, ನೀರು ಸಿಂಪಡಿಸುವ ದೊಡ್ಡ ಟ್ಯಾಂಕರ್ ವಿಮಾನವನ್ನು ಮುಂದೆ ಹಾರಿಸಿ, ಅದರ ಬೆನ್ನಿಗೇ ಎಟಿಆರ್ ಒಂದನ್ನು ಹಾರಿಸಿದರು. ಹನಿ ದೊಡ್ಡದಾದಾಗ ಹೊದಿಕೆಯ ಹಿಂದೆ ಬದು ಏಳುವುದು ಕಂಡಿತು. ತಯಾರಕರು ರಬ್ಬರ್ ಹೊದಿಕೆಯನ್ನು ಇನ್ನಷ್ಟು ಹಿಂದಕ್ಕೆ ಅಗಲಿಸಿದರು. ಹಿಂದೆ ನಡೆದ ಇಂಥವೇ ಘಟನೆಗಳ ಪೂರ್ಣ ವಿವರವನ್ನು ತಯಾರಕರು ಪೈಲಟ್‌ಗಳಿಗೆ ತಿಳಿಸಿರಲಿಲ್ಲ ಎಂದು ಅಮೆರಿಕದ ತನಿಖಾ ಮಂಡಳಿ 1996ರ ವರದಿಯಲ್ಲಿ ಹೇಳಿತು. ಫ್ರಾನ್ಸಿನ ತನಿಖಾ ಸಂಸ್ಥೆ ಆ ತೀರ್ಮಾನವನ್ನು ಒಪ್ಪದೆ ಪೈಲಟ್‌ಗಳ ನಡವಳಿಕೆಗೆ ಹೆಚ್ಚು ಒತ್ತು ಕೊಟ್ಟಿತು. ಎರಡು ದೇಶಗಳ ಈ ಜಟಾಪಟಿ ಏನೇ ಇರಲಿ, ಮೂಲ ಸಂಗತಿ ಸ್ಪಷ್ಟ. ಆ ವಿಮಾನ ಕಾನೂನಿನ ಕೋಷ್ಟಕದಲ್ಲಿದ್ದ ಎಲ್ಲ ಮೋಡಗಳಿಗೂ ಪರೀಕ್ಷೆ ಕೊಟ್ಟು ತೇರ್ಗಡೆಯಾಗಿತ್ತು. ಅದು ಸಿಕ್ಕಿಬಿದ್ದ ಮೋಡ ಕೋಷ್ಟಕದಲ್ಲೇ ಇರಲಿಲ್ಲ.

ಕೋಷ್ಟಕ ಬದಲಾಗಲು ಎಷ್ಟು ಕಾಲ ಹಿಡಿಯಿತು ಗೊತ್ತೇ? ದೊಡ್ಡ ಹನಿಗಳನ್ನು ಸೇರಿಸಿದ ಅನುಬಂಧ ಓ ಪ್ರಕಟವಾದದ್ದು 2014ರ ನವೆಂಬರ್‌ನಲ್ಲಿ, ರೋಸ್‌ಲಾನ್ ನಡೆದ ಇಪ್ಪತ್ತು ವರ್ಷಗಳ ಮೇಲೆ. ವಿಳಂಬಕ್ಕೆ ಉದಾಸೀನವೊಂದೇ ಕಾರಣವೆಂದರೆ ಅನ್ಯಾಯವಾದೀತು. ದೊಡ್ಡ ಹನಿ ರೆಕ್ಕೆಗೆ ಬಡಿದಾಗ ಸಿಡಿಯುತ್ತದೆ, ಒಡೆಯುತ್ತದೆ, ಪುಟಿದು ಮತ್ತೆ ಬೀಳುತ್ತದೆ. ಚಿಕ್ಕ ಹನಿಗೆ ಬರೆದ ಸೂತ್ರಗಳು ಅದಕ್ಕೆ ಸಾಲವು. ಮೋಡಗಳನ್ನು ಹೊಸದಾಗಿ ಅಳೆಯಬೇಕಾಯಿತು, ಸುರಂಗಗಳಲ್ಲಿ ಹೊಸ ಸಿಂಪಡಣೆ ಬೇಕಾಯಿತು. ಆದರೂ ಇಪ್ಪತ್ತು ವರ್ಷ ಎಂಬುದು ಇಪ್ಪತ್ತು ವರ್ಷವೇ. ಈ ನಿಯಮವೂ ಅನ್ವಯಿಸುವುದು ಹೊಸ ವಿನ್ಯಾಸಗಳಿಗೆ. ಹಳೆಯ ಅನುಮತಿಯಲ್ಲಿ ಹಾರುತ್ತಿರುವವು ದೊಡ್ಡ ಹನಿಯ ಸುಳಿವು ಸಿಕ್ಕೊಡನೆ ಅಲ್ಲಿಂದ ಹೊರಬೀಳಬೇಕು, ಅಷ್ಟೇ. 2024ರ ಆಗಸ್ಟ್ 9ರಂದು ಬ್ರೆಜಿಲ್‌ನ ವಿನ್ಯೇಡೊದಲ್ಲಿ ಮತ್ತೊಂದು ಎಟಿಆರ್-72 ಬಿದ್ದು 62 ಜನ ಸತ್ತರು. ಆ ಹಾರಾಟದಲ್ಲಿ ಗಡ್ಡೆ ಕಟ್ಟುತ್ತಿದ್ದುದು ಅಲ್ಲಿನ ಪ್ರಾಥಮಿಕ ವರದಿಯಲ್ಲಿ ದಾಖಲಾಗಿದೆ. ಇದೇ ಕುಟುಂಬದ ವಿಮಾನಗಳು ನಮ್ಮ ಹುಬ್ಬಳ್ಳಿ, ಮೈಸೂರು ನಿಲ್ದಾಣಗಳಲ್ಲೂ ಇಳಿದಿವೆ. ದಕ್ಷಿಣದ ನಮ್ಮ ದಾರಿಗಳಲ್ಲಿ ಅವು ಹಾರುವ ಎತ್ತರಕ್ಕೆ ಆ ಬಗೆಯ ದೀರ್ಘ ಶೀತ ಮೋಡಗಳು ವಿರಳ. ಹೆದರಬೇಕಾದ ಕಾರಣವಿಲ್ಲ.

ಇಂಧನದ ಒಳಗೂ ಗಡ್ಡೆ ಕಟ್ಟಬಹುದು ಎಂಬುದಕ್ಕೆ ಒಂದೇ ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇನೆ. 2008ರ ಜನವರಿ 17ರಂದು ಬೀಜಿಂಗ್‌ನಿಂದ ಬಂದ ಬೋಯಿಂಗ್ 777 ವಿಮಾನ ಲಂಡನ್ನಿನಲ್ಲಿ ಇಳಿಯುವಾಗ ಎರಡೂ ಎಂಜಿನ್‌ಗಳು ಬಲಗುಂದಿ, ರನ್‌ವೇ ತಲುಪುವ ಮೊದಲೇ ಹುಲ್ಲಿನ ಮೇಲೆ ಕೂತುಬಿಟ್ಟಿತು. ಅದೃಷ್ಟಕ್ಕೆ ಯಾರೂ ಸಾಯಲಿಲ್ಲ. ಇಂಧನದಲ್ಲಿ ಸಹಜವಾಗಿಯೇ ಬೆರೆತಿರುವ ಅಲ್ಪ ನೀರು, ದೀರ್ಘ ಶೀತ ಪ್ರಯಾಣದಲ್ಲಿ ಕೊಳವೆಯ ಒಳಮೈಗೆ ಗಡ್ಡೆಯಾಗಿ ಅಂಟಿತ್ತು. ಇಳಿಯುವಾಗ ಇಂಧನದ ಹರಿವು ಹೆಚ್ಚಿಸಿದೊಡನೆ ಅದು ಕಿತ್ತುಬಂದು ಶಾಖ ವಿನಿಮಯಕದ ಬಾಯಿಗೆ ಅಡ್ಡಬಿದ್ದಿತ್ತು. ಪ್ರಯೋಗಾಲಯದಲ್ಲಿ ತಿಳಿದುಬಂದ ಸಂಗತಿ ಇದು. ಸೊನ್ನೆಗಿಂತ 5ರಿಂದ 20 ಡಿಗ್ರಿ ಕೆಳಗಿನ ಇಂಧನದಲ್ಲಿ ಗಡ್ಡೆ ಅಂಟಂಟಾಗಿರುತ್ತದೆ, ಅದಕ್ಕಿಂತ ಹೆಚ್ಚು ತಣ್ಣಗಾದರೆ ಅಷ್ಟು ಅಂಟುವುದಿಲ್ಲ. ವಿನಿಮಯಕದ ಮುಖದಲ್ಲಿ ತುಸು ಹೊರಚಾಚಿದ್ದ ಕೊಳವೆಗಳ ತುದಿಗಳನ್ನು ಹೊಸ ವಿನ್ಯಾಸದಲ್ಲಿ ಸಮತಟ್ಟು ಮಾಡಿದರು. ಪರಿಹಾರ ಅಷ್ಟೇ ಚಿಕ್ಕದು.

ಕೊನೆಯದಾಗಿ, ಉಷ್ಣವಲಯದವರಾದ ನಮಗೆ ನೇರವಾಗಿ ಸಂಬಂಧಿಸಿದ್ದು. ಏಪ್ರಿಲ್ ಮೇ ತಿಂಗಳ ಸಂಜೆ ನಮ್ಮಲ್ಲಿ ಗುಡುಗಿನೊಂದಿಗೆ ಆಲಿಕಲ್ಲು ಬೀಳುತ್ತದಲ್ಲ, ನೆಲದ ಮೇಲೆ 35 ಡಿಗ್ರಿ ಸೆಕೆ ಇದ್ದರೂ ಸುಮಾರು ಐದು ಕಿಲೋಮೀಟರ್ ಮೇಲೆ ಉಷ್ಣತೆ ಸೊನ್ನೆಗಿಳಿದಿರುತ್ತದೆ. ಗುಡುಗು ಮೋಡದ ತುದಿ ಅದಕ್ಕಿಂತ ಎಷ್ಟೋ ಮೇಲಿದ್ದು, ಅಲ್ಲಿ ನೀರಿಲ್ಲ, ಪುಡಿಪುಡಿಯಾದ ಗಡ್ಡೆಯ ಹರಳುಗಳು ತುಂಬಿರುತ್ತವೆ. ಒಣಗಿದ ಹರಳುಗಳು ರೆಕ್ಕೆಗೆ ಅಂಟುವುದಿಲ್ಲ, ಪುಟಿದು ಹೋಗುತ್ತವೆ. ಹೀಗಾಗಿ ಅವು ನಿರುಪದ್ರವಿಗಳೆಂದೇ ಬಹುಕಾಲ ತಿಳಿದಿದ್ದರು. 2009ರ ಜೂನ್ 1ರಂದು ರಿಯೋದಿಂದ ಪ್ಯಾರಿಸ್‌ಗೆ ಹೊರಟ ಏರ್‌ಬಸ್ 330 ಅಟ್ಲಾಂಟಿಕ್ ಮೇಲಿನ ಇಂಥದೇ ಮೋಡಗಳನ್ನು ಹಾಯುವಾಗ, ವೇಗ ಅಳೆಯುವ ಪಿಟೊ ಕೊಳವೆಗಳು ಹರಳುಗಳಿಂದ ಮುಚ್ಚಿಹೋದವು. ಒಂದು ನಿಮಿಷದೊಳಗೆ ಅವು ತೆರೆದುಕೊಂಡವು. ಆದರೆ ಆ ಗೊಂದಲದಲ್ಲಿ ಪೈಲಟ್‌ಗಳು ವಿಮಾನದ ಮೂಗನ್ನು ಮೇಲೆತ್ತಿಯೇ ಹಿಡಿದರು, ವಿಮಾನ ಸಾಗರಕ್ಕೆ ಬಿತ್ತು, 228 ಜನ ಮುಳುಗಿದರು.

ಹರಳುಗಳು ಎಂಜಿನ್‌ನ ಒಳಗೂ ತೊಂದರೆ ಕೊಡುತ್ತವೆ. ಒಳಗಿನ ಬೆಚ್ಚಗಿನ ಗಾಳಿಯಲ್ಲಿ ಅವು ಅರೆಕರಗಿ ಅಲಗುಗಳನ್ನು ಒದ್ದೆ ಮಾಡುತ್ತವೆ. ಹಿಂದಿನಿಂದ ಬರುವ ಹರಳುಗಳು ಆ ಒದ್ದೆಗೆ ಅಂಟಿ, ಲೋಹವನ್ನು ತಣಿಸಿ, ಸೊನ್ನೆಗಿಂತ ಬೆಚ್ಚಗಿರುವ ಗಾಳಿಯ ನಡುವೆಯೇ ಗಡ್ಡೆ ಬೆಳೆಯುತ್ತದೆ. ಕೇಳಿದರೆ ನಂಬಲಾಗದು. 2013ರಲ್ಲಿ ಕ್ಲೀವ್‌ಲ್ಯಾಂಡಿನ ಪ್ರಯೋಗಾಲಯದಲ್ಲಿ ಇಡೀ ಎಂಜಿನ್‌ಗೆ ಹರಳಿನ ಮೋಡ ಉಣಿಸಿ ಇದನ್ನು ಮಾಡಿ ತೋರಿಸಿದರು. ಆಮೇಲೆ 2014ರಲ್ಲಿ ಆಸ್ಟ್ರೇಲಿಯಾದ ಡಾರ್ವಿನ್‌ನಿಂದ, 2015ರಲ್ಲಿ ದಕ್ಷಿಣ ಅಮೆರಿಕದ ಕಯೆನ್‌ನಿಂದ, ಅಳತೆಯ ಉಪಕರಣಗಳನ್ನು ಹೊತ್ತ ವಿಮಾನಗಳು ಉಷ್ಣವಲಯದ ಮಳೆಮೋಡಗಳೊಳಗೆ ಬೇಕೆಂದೇ ಹಾರಿದವು. ಎಷ್ಟು ಹರಳು, ಯಾವ ಗಾತ್ರ, ಎಷ್ಟು ದೂರದವರೆಗೆ ಎಂದು ಅಳೆದವು. ರೋಡರ್ಟ್‌ನ ತಂಡ ಲೋಹದ ಉರುಳೆ ಹಿಡಿದು ಮಾಡಿದ್ದನ್ನೇ ಇವರು ಲೇಸರ್ ಕಿರಣ ಹಿಡಿದು ಮಾಡಿದರು. 2014ರ ನಿಯಮದಲ್ಲಿ ಈ ಹರಳುಗಳಿಗೂ ಒಂದು ಕೋಷ್ಟಕ ಸೇರಿತ್ತು. ಅದರಲ್ಲಿ ಬರೆದಿದ್ದ ಅಂಕಿಗಳು ನಿಜವಾದ ಮೋಡಗಳಿಗೆ ಎಷ್ಟು ಹೊಂದುತ್ತವೆ ಎಂದು ಒರೆಹಚ್ಚಲು ಆ ಹಾರಾಟಗಳ ಅಳತೆಗಳನ್ನು ಬಳಸಿಕೊಂಡರು.